ಶೆಡ್ ಛಾವಣಿಗೆ ಹೊಸ ತೂತು ಹೊಡೆಯದೆ ಸೋಲಾರ್ ಪ್ಯಾನೆಲ್ ಕೂರಿಸೋದು ಹೇಗೆ?

ಕೊಟ್ಟಿಗೆ, ಪಂಪ್ ಮನೆ ಅಥವಾ ಗೋಡೌನ್ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸೋಕೆ ಬರೋ ಹುಡುಗರು ಗಾಡಿಯಿಂದ ಮೊದಲು ಇಳಿಸೋದೇ ಡ್ರಿಲ್ ಮಷಿನ್. ನೋಡ್ತಾ ನೋಡ್ತಾ ಶೀಟಿಗೆ ಹತ್ತು ಹನ್ನೆರಡು ತೂತು ಬಿದ್ದಿರುತ್ತವೆ. ಬೇಸಿಗೆಯಲ್ಲಿ ಏನೂ ಗೊತ್ತಾಗಲ್ಲ. ಮಳೆ ಹಿಡಿದ ಮೇಲೆ ಕೆಳಗಿಟ್ಟ ಮೆಕ್ಕೆಜೋಳದ ಚೀಲ ನೆನೆದು ಬೂಷ್ಟು ಹಿಡಿದಾಗಲೇ ತಲೆಬಿಸಿ ಶುರು.

ಹಾಗಂತ "ತೂತೇ ಬೇಡ, ಅಂಟು ಹಾಕಿ ಬಿಡಿ, ಹಗ್ಗ ಕಟ್ಟಿ ಬಿಡಿ" ಅನ್ನೋದು ಇನ್ನೂ ದೊಡ್ಡ ಅಪಾಯ. ಮೇ ತಿಂಗಳ ಗಾಳಿಮಳೆಗೆ ಕಿತ್ತು ಹಾರಿದ ಪ್ಯಾನೆಲ್ ಯಾರ ತಲೆ ಮೇಲೆ ಬೀಳ್ತದೋ ಹೇಳೋಕಾಗಲ್ಲ. ತೂತು ಬೇಡ ಅಂದ್ರೆ ಹಿಡಿತ ಬೇಡ ಅಂತ ಅರ್ಥ ಅಲ್ಲ. ಹಿಡಿತ ಎಲ್ಲಿಂದ ಸಿಗಬೇಕು ಅನ್ನೋದನ್ನ ಛಾವಣಿಗೆ ತಕ್ಕಂತೆ ನೋಡೋಣ.

ತೂಕಕ್ಕಿಂತ ಗಾಳಿಯೇ ದೊಡ್ಡ ಶತ್ರು

ಈಗ ಮಾರುಕಟ್ಟೆಯಲ್ಲಿ ಸಿಗೋ 540 ವ್ಯಾಟ್ ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ ಇರುತ್ತದೆ. ತೂಕ ಹೆಚ್ಚುಕಮ್ಮಿ 28 ಕೆ.ಜಿ. "ಇಷ್ಟು ಭಾರ ಇದೆ, ಎಲ್ಲಿ ಹಾರುತ್ತೆ?" ಅಂತ ಅನ್ನಿಸಬಹುದು. ಲೆಕ್ಕ ನೋಡಿ:

- ಗಂಟೆಗೆ 60 ಕಿ.ಮೀ. ಗಾಳಿ: ಒಂದು ಪ್ಯಾನೆಲ್ ಮೇಲೆ ಸುಮಾರು 44 ಕೆ.ಜಿ. ಬಲ
- ಗಂಟೆಗೆ 120 ಕಿ.ಮೀ. ಗಾಳಿ: ಸುಮಾರು 175 ಕೆ.ಜಿ. ಬಲ
- ಗಂಟೆಗೆ 140 ಕಿ.ಮೀ. ಗಾಳಿ: ಸುಮಾರು 240 ಕೆ.ಜಿ. ಬಲ

ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಕಟ್ಟಡಗಳ ಮೇಲಿನ ಗಾಳಿಯ ಬಗ್ಗೆ ಇರುವ ಭಾರತೀಯ ಮಾನದಂಡ ಐ.ಎಸ್. 875, ಭಾಗ 3. ಅದರ ಪ್ರಕಾರ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ (ಗಂಟೆಗೆ ಸುಮಾರು 120 ಕಿ.ಮೀ.), ಮಂಗಳೂರಿಗೆ 39 ಮೀಟರ್ (ಗಂಟೆಗೆ ಸುಮಾರು 140 ಕಿ.ಮೀ.) ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೇಲಿನ ಅಂಕಿಗಳು ಅಂದಾಜು. ಛಾವಣಿಗೆ ಸಮಾನಾಂತರವಾಗಿ ಕೂರಿಸಿದ ಪ್ಯಾನೆಲ್‌ಗೆ ಬಲ ಕಡಿಮೆ ಬೀಳಬಹುದು, ಛಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಜಾಸ್ತಿ ಬೀಳುತ್ತದೆ. ಅದಕ್ಕೇ ಅಂಚಿನಿಂದ ಎರಡು ಮೂರು ಅಡಿ ಒಳಗೆ ಕೂರಿಸಿ.

ತಗಡಿನ ಶೀಟ್: ಹಳೇ ಸ್ಕ್ರೂ ಜಾಗವನ್ನೇ ಬಳಸಿ

ಕಲರ್ ಶೀಟಿನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಬರೀ ಶೀಟಿಗೆ ಹಾಕಿದ ಸ್ಕ್ರೂ ಏನನ್ನೂ ಹಿಡಿಯಲ್ಲ. ಜೊತೆಗೆ 20 ಅಡಿ ಉದ್ದದ ಶೀಟ್ ರಾತ್ರಿಯ ತಂಪಿಗೂ ಮಧ್ಯಾಹ್ನದ ಸುಡು ಬಿಸಿಲಿಗೂ ನಡುವೆ ಸುಮಾರು 3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ದಿನಾ ಹೀಗೆ ಎಳೆದಾಡಿದರೆ ತೂತು ಅಗಲವಾಗುತ್ತದೆ, ಬಿಸಿಲಿಗೆ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳುತ್ತದೆ, ನೀರು ಒಳಗೆ ಇಳಿಯುತ್ತದೆ. ಶೀಟಿನ ತಗ್ಗಿನಲ್ಲಿ ಹೊಡೆದ ತೂತಾದರಂತೂ ಹರಿಯೋ ನೀರೆಲ್ಲ ಅದರ ಮೇಲೇ ಹಾದು ಹೋಗುತ್ತದೆ.

ಹೊಸ ತೂತು ಬೇಡ ಅಂದ್ರೆ ಎರಡು ದಾರಿ ಇವೆ.

ಮೊದಲನೆಯದು, ಈಗಾಗಲೇ ಇರುವ ಸ್ಕ್ರೂ ಜಾಗ. ಶೀಟ್ ಮೇಲೆ ಸ್ಕ್ರೂಗಳು ಸಾಲಾಗಿ ಕಾಣ್ತವಲ್ಲ, ಅದರ ಕೆಳಗೇ ಪರ್ಲಿನ್ ಪೈಪ್ ಇರುತ್ತದೆ. ಅಲ್ಲಿನ ಒಂದು ಸ್ಕ್ರೂ ಬಿಚ್ಚಿ, ಅದೇ ತೂತಿನ ಮೇಲೆ ರಬ್ಬರ್ ಪಟ್ಟಿ ಇರುವ ಬ್ರಾಕೆಟ್ ಇಟ್ಟು, ಸ್ವಲ್ಪ ದಪ್ಪದ, ಉದ್ದದ ಸ್ಕ್ರೂವನ್ನು ಇ.ಪಿ.ಡಿ.ಎಂ. ವಾಷರ್ ಹಾಕಿ ಪರ್ಲಿನ್‌ವರೆಗೆ ಬಿಗಿಯಿರಿ. ಒಂದು ಮುಗಿದ ಮೇಲೆ ಇನ್ನೊಂದು. ಒಂದೇ ಸಲ ಎಲ್ಲಾ ಸ್ಕ್ರೂ ಬಿಚ್ಚಿದರೆ ಶೀಟೇ ಎದ್ದು ಬರುತ್ತೆ. ಈ ಬ್ರಾಕೆಟ್‌ಗಳ ಮೇಲೆ ಅಲ್ಯೂಮಿನಿಯಂ ರೈಲ್, ರೈಲ್ ಮೇಲೆ ಪ್ಯಾನೆಲ್. ಕೆಲಸಕ್ಕೆ ಮುಂಚೆ ಒಳಗಿನಿಂದ ಟಾರ್ಚ್ ಬಿಟ್ಟು ಪರ್ಲಿನ್ ನೋಡಿ. ತುಕ್ಕು ಹಿಡಿದು ಪುಡಿ ಉದುರುತ್ತಿದ್ದರೆ ಅದು ಹೊಸ ಭಾರ ತಡೆಯಲ್ಲ.

ಎರಡನೆಯದು, ಶೀಟನ್ನೇ ಮುಟ್ಟದ ಫ್ರೇಮ್. ಶೆಡ್ಡಿನ ಕಬ್ಬಿಣದ ಕಂಬಗಳು ಸೂರಿನ ಅಂಚಿನ ಹೊರಗಿದ್ದರೆ, ಅವಕ್ಕೆ ಯು ಕ್ಲಾಂಪ್ ಹಾಕಿ ಜಿ.ಐ. ಪೈಪ್ ಮೇಲೆತ್ತಿ, ಛಾವಣಿಯ ಆಚೆ ಈಚೆ ಅಡ್ಡ ಪೈಪ್ ಹಾಯಿಸಬಹುದು. ಯು ಕ್ಲಾಂಪ್ ಪೈಪನ್ನು ಸುತ್ತುವರಿದು ಹಿಡಿಯುತ್ತದೆ, ಕೊರೆಯೋದೇ ಬೇಡ. ಆದರೆ ಅಗಲ ಜಾಸ್ತಿ ಇದ್ದರೆ ಅಡ್ಡ ಪೈಪ್ ಬಾಗುತ್ತದೆ. ಚಿಕ್ಕ ಪಂಪ್ ಮನೆಗೆ ಇದು ಸರಿ, ದೊಡ್ಡ ಗೋಡೌನ್‌ಗೆ ಅಲ್ಲ. ಕಲ್ಲು ಕಂಬ ಅಥವಾ ಮರದ ಕಂಬದ ಶೆಡ್ಡಿಗೂ ಈ ದಾರಿ ಬೇಡ.

ಎರಡರಲ್ಲೂ ಶೀಟಿಗೂ ಪ್ಯಾನೆಲ್‌ಗೂ ನಡುವೆ ನಾಲ್ಕು ಇಂಚು ಗಾಳಿಯಾಡೋ ಜಾಗ ಬಿಡಿ. ಪ್ಯಾನೆಲ್ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಕರೆಂಟ್ ಉತ್ಪಾದನೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. 60 ಡಿಗ್ರಿ ಮುಟ್ಟಿದರೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಲಾಸ್.

ಸಿಮೆಂಟ್ ಶೀಟ್: ಹತ್ತಲೂ ಬೇಡಿ, ಕೊರೆಯಲೂ ಬೇಡಿ

ಹಳೇ ಸಿಮೆಂಟ್ ಶೀಟ್‌ಗಳಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್ ಇರುತ್ತದೆ. ಡ್ರಿಲ್ ಮಾಡಿದಾಗ ಏಳೋ ಧೂಳಿನಲ್ಲಿ ಕಣ್ಣಿಗೆ ಕಾಣದ ಎಳೆಗಳಿರುತ್ತವೆ. ಉಸಿರಿನ ಜೊತೆ ಒಳಗೆ ಹೋದರೆ ಎಷ್ಟೋ ವರ್ಷಗಳ ನಂತರ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಕಣ್ಣಲ್ಲಿ ನೋಡಿ ಕಲ್ನಾರು ಇದೆಯೋ ಇಲ್ಲವೋ ಹೇಳೋಕಾಗಲ್ಲ, ಆದ್ದರಿಂದ ಇದೆ ಅಂತಲೇ ತಿಳ್ಕೊಳ್ಳಿ. ಜೊತೆಗೆ ಈ ಶೀಟ್ ಕಾಲಿಟ್ಟರೆ ಮುರಿಯುತ್ತದೆ. ಮೇಲಿಂದ ಬಿದ್ದರೆ ಕೈಕಾಲು ಮುರಿಯೋದಿರಲಿ, ಜೀವಕ್ಕೇ ಅಪಾಯ.

ಇಂಥ ಶೆಡ್ಡಿಗೆ ಪಕ್ಕದಲ್ಲೇ ನೆಲದ ಮೇಲೆ ಕಂಬ ನಿಲ್ಲಿಸೋದು ಉತ್ತಮ. ಒಂದೂವರೆ ಅಡಿ ಉದ್ದಗಲ, ಎರಡೂವರೆ ಅಡಿ ಆಳದ ಗುಂಡಿಗೆ ತುಂಬಿದ ಕಾಂಕ್ರೀಟ್ ಸುಮಾರು 380 ಕೆ.ಜಿ. ತೂಗುತ್ತದೆ. ಅಂಥ ಎರಡು ಕಂಬದ ಮೇಲೆ ಎರಡು ಪ್ಯಾನೆಲ್ ಧೈರ್ಯವಾಗಿ ಕೂರಿಸಬಹುದು. ಪ್ಯಾನೆಲ್‌ನ ಕೆಳ ಅಂಚು ದನದ ತಲೆಗಿಂತ ಮೇಲಿರಲಿ, ಇಲ್ಲದಿದ್ದರೆ ಕೊಂಬು ಉಜ್ಜುತ್ತವೆ.

ಹೆಂಚಿನ ಮನೆ: ಹೆಂಚಿಗಲ್ಲ, ಪಕ್ಕಾಸಿಗೆ

ಮಂಗಳೂರು ಹೆಂಚಿಗೆ ಡ್ರಿಲ್ ಹಾಕಿದರೆ ಸೀಳಿ ಹೋಗುತ್ತದೆ. ಹೆಂಚನ್ನು ಮೇಲಕ್ಕೆ ಸರಿಸಿ, ಕೆಳಗಿನ ಮರದ ಪಕ್ಕಾಸಿಗೆ ಸ್ಟೀಲ್ ಕೊಕ್ಕೆಯನ್ನು ಸ್ಕ್ರೂ ಮಾಡಿ, ಕೊಕ್ಕೆಯ ಬಾಯಿ ಎರಡು ಹೆಂಚಿನ ಸಂದಿನಿಂದ ಹೊರಬರುವಂತೆ ಇಟ್ಟು ಹೆಂಚನ್ನು ಮತ್ತೆ ಇಳಿಸಿ. ಕೊಕ್ಕೆ ಹೆಂಚಿನ ಮೇಲೆ ಭಾರ ಹಾಕಬಾರದು, ಒಂದು ಕೂದಲೆಳೆ ಅಂತರ ಇರಲಿ. ತೆಳು ರೀಪಿಗೆ ಕೊಕ್ಕೆ ಹೊಡೀಬೇಡಿ, ಕಿತ್ತು ಬರುತ್ತೆ. ಗೆದ್ದಲು ತಿಂದ ಪಕ್ಕಾಸನ್ನು ಮೊದಲು ಬದಲಿಸಿ.

ತಾರಸಿ: ತೂಕವೇ ಹಿಡಿತ

ಆರ್.ಸಿ.ಸಿ. ತಾರಸಿಗೆ ಬೋಲ್ಟ್ ಹೊಡೆದರೆ ವಾಟರ್ ಪ್ರೂಫಿಂಗ್ ಕೆಟ್ಟು ನೀರು ಒಳಗಿನ ಕಂಬಿಗೆ ಇಳಿಯುತ್ತದೆ. ಕಂಬಿ ತುಕ್ಕು ಹಿಡಿದು ಉಬ್ಬಿದರೆ ಕಾಂಕ್ರೀಟ್ ಉದುರೋಕೆ ಶುರುವಾಗುತ್ತದೆ. ಇಲ್ಲಿ ಕಾಂಕ್ರೀಟ್ ಬ್ಲಾಕಿನ ತೂಕದಲ್ಲೇ ಪ್ಯಾನೆಲ್ ನಿಲ್ಲಿಸಬಹುದು.

ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಬ್ಲಾಕ್ ಸುಮಾರು 68 ಕೆ.ಜಿ. ಬರುತ್ತದೆ. ಎರಡು ಪ್ಯಾನೆಲ್‌ನ ಸ್ಟ್ಯಾಂಡ್‌ಗೆ ನಾಲ್ಕು ಬ್ಲಾಕ್ ಅಂದ್ರೆ 272 ಕೆ.ಜಿ. ಪ್ಯಾನೆಲ್‌ಗಳದು 56, ಪೈಪಿನದು ಸುಮಾರು 25. ಒಟ್ಟು 353 ಕೆ.ಜಿ. ಒಳನಾಡಿನ 120 ಕಿ.ಮೀ. ಗಾಳಿಗೆ ಬೇಕಾಗಿದ್ದು 350. ಲೆಕ್ಕ ಅಷ್ಟಕ್ಕಷ್ಟೇ ಆಯ್ತು, ಬಯಲಲ್ಲಿ ಒಂಟಿಯಾಗಿರೋ ಮನೆಯಾದರೆ ಇನ್ನೊಂದೆರಡು ಬ್ಲಾಕ್ ಸೇರಿಸಿ. ಕರಾವಳಿಯಲ್ಲಿ ಆರಕ್ಕಿಂತ ಕಡಿಮೆ ಬೇಡವೇ ಬೇಡ.

ಬ್ಲಾಕ್ ಎರಕ ಹಾಕುವಾಗಲೇ ಬೋಲ್ಟ್ ಹುದುಗಿಸಿ ಸ್ಟ್ಯಾಂಡಿನ ಕಾಲು ಅದಕ್ಕೆ ಬಿಗಿಯಿರಿ. ಸುಮ್ಮನೆ ಪೈಪಿನ ಮೇಲೆ ಕಲ್ಲು ಹೇರಿದರೆ ಗಾಳಿಗೆ ಜಾರುತ್ತದೆ. ಬ್ಲಾಕುಗಳು ಗೋಡೆ ಅಥವಾ ಬೀಮ್ ಮೇಲೆ ಬರಲಿ, ಅಡಿಯಲ್ಲಿ ರಬ್ಬರ್ ಮ್ಯಾಟ್ ಇರಲಿ, ಮಳೆ ನೀರು ಹೋಗೋ ದಾರಿಗೆ ಅಡ್ಡ ಆಗದಿರಲಿ. ಇಳಿಜಾರು ದಕ್ಷಿಣಕ್ಕೆ 10ರಿಂದ 15 ಡಿಗ್ರಿ ಸಾಕು. ಎತ್ತರ ಎತ್ತಿದಷ್ಟೂ ಗಾಳಿ ಅಡಿಯಿಂದ ನುಗ್ಗುತ್ತದೆ.

ಅಂಟು, ಮ್ಯಾಗ್ನೆಟ್, ಹಗ್ಗ: ಯಾಕೆ ಬೇಡ?

ವಿದೇಶದವರು ಕ್ಯಾಂಪರ್ ವ್ಯಾನ್ ಮೇಲೆ ಪ್ಯಾನೆಲ್ ಅಂಟಿಸೋ ವಿಡಿಯೋ ನೀವೂ ನೋಡಿರಬಹುದು. ಅಲ್ಲಿ ಅವರು ನಯವಾದ ಛಾವಣಿಯನ್ನು ಉಜ್ಜಿ, ತೊಳೆದು, ಪಾಲಿಯುರೆಥೇನ್ ಅಂಟಿನಿಂದ ಪ್ಲಾಸ್ಟಿಕ್ ಬ್ರಾಕೆಟ್ ಕೂರಿಸ್ತಾರೆ, ಅದೂ ಹೆಚ್ಚಾಗಿ ಚಿಕ್ಕ ಪ್ಯಾನೆಲ್‌ಗೆ. ನಮ್ಮ ಶೆಡ್ಡಿನ ಶೀಟ್ ಮೇಲೆ ಧೂಳು, ತುಕ್ಕು, ಹಳೇ ಬಣ್ಣ ಇರುತ್ತದೆ. ಅಂಟು ಹಿಡಿಯೋದು ಬಣ್ಣವನ್ನ, ಶೀಟನ್ನ ಅಲ್ಲ. ಬಣ್ಣ ಎದ್ದರೆ ಪ್ಯಾನೆಲ್ಲೂ ಎದ್ದಿತು. ತೆಳು ಶೀಟಿನ ಮೇಲೆ ಮ್ಯಾಗ್ನೆಟ್ ತನ್ನ ಪೂರ್ತಿ ಹಿಡಿತ ತೋರಿಸಲ್ಲ. ಹಗ್ಗ ಬಿಸಿಲಿಗೆ ಲಡ್ಡಾಗುತ್ತೆ.

ತರಕಾರಿ ಟೆಂಪೋ ಅಥವಾ ಜೇನುಪೆಟ್ಟಿಗೆ ಸಾಗಿಸೋ ಗಾಡಿಗೆ 100 ವ್ಯಾಟಿನ ಚಿಕ್ಕ ಪ್ಯಾನೆಲ್ ಬೇಕಿದ್ದರೆ, ಈಗಾಗಲೇ ಇರುವ ಕ್ಯಾರಿಯರ್ ಪೈಪಿಗೆ ಯು ಕ್ಲಾಂಪ್‌ನಲ್ಲಿ ಹಾಕಿ, ಲಾಕ್ ನಟ್ ಬಳಸಿ. ಗಾಡಿ 80ರ ವೇಗದಲ್ಲಿ ಓಡುವಾಗ ಗಾಳಿ ಇಲ್ಲದಿದ್ದರೂ ಅದರ ಮೇಲೆ 20 ಕೆ.ಜಿ.ವರೆಗೂ ಬಲ ಬೀಳಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಮಿತಿ ಹಾಕಿದೆ, ಮೊದಲು ಆರ್.ಟಿ.ಒ. ಕಚೇರಿಯಲ್ಲಿ ಕೇಳಿ.

ವೈರ್ ಮತ್ತು ಫ್ರೇಮ್ ವಿಷಯದಲ್ಲಿ ಎಚ್ಚರ

- ವೈರನ್ನು ಛಾವಣಿ ಕೊರೆದು ಇಳಿಸಬೇಡಿ. ಸೂರಿನ ಅಂಚಿನಿಂದ ಪೈಪಿನಲ್ಲಿ ಇಳಿಸಿ. ಗೋಡೆಯೊಳಗೆ ಹೋಗೋ ಮುಂಚೆ ಸ್ವಲ್ಪ ಕೆಳಕ್ಕೆ ಜೋಲು ಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.
- ಪ್ಯಾನೆಲ್ ಫ್ರೇಮಿಗೂ ಹೊಸ ತೂತು ಹೊಡೀಬೇಡಿ, ವಾರಂಟಿ ಹೋಗುತ್ತದೆ. ಬೋಲ್ಟಿಗೂ ಅರ್ಥಿಂಗ್‌ಗೂ ಕಂಪನಿಯೇ ತೂತು ಕೊಟ್ಟಿರುತ್ತದೆ.
- ಕ್ಲಾಂಪ್ ಎಲ್ಲಿ ಬರಬೇಕು ಅಂತ ಪ್ಯಾನೆಲ್ ಮ್ಯಾನ್ಯುಯಲ್‌ನಲ್ಲಿ ಚಿತ್ರ ಇರುತ್ತದೆ. ಅದನ್ನು ಬಿಟ್ಟು ತುದಿಯಲ್ಲಿ ಹಿಡಿದರೆ ಗಾಜು ಬಾಗಿ ಒಡೆಯಬಹುದು.
- ನಟ್ಟು ಬೋಲ್ಟು ಎಸ್.ಎಸ್. 304 ಇರಲಿ, ಕಡಲ ತೀರದಲ್ಲಿ 316 ಕೇಳಿ.
- ಕೆಲಸ ಗಾಳಿ ಇಲ್ಲದ ಬೆಳಗ್ಗೆ ಮಾಡಿ. ಬೆಳಕು ಬಿದ್ದ ಪ್ಯಾನೆಲ್‌ನಲ್ಲಿ ಕರೆಂಟ್ ಇರುತ್ತದೆ ಅನ್ನೋದು ನೆನಪಿರಲಿ.

ಕೈಯಲ್ಲಿರೋ ಫೋನ್ ಬಳಸಿ

ಕಂಪಾಸ್ ಆ್ಯಪ್‌ನಲ್ಲಿ ದಕ್ಷಿಣ, ಲೆವೆಲ್ ಆ್ಯಪ್‌ನಲ್ಲಿ ಇಳಿಜಾರು ನೋಡಿಕೊಳ್ಳಿ. ಬೆಳಗ್ಗೆ 9ಕ್ಕೆ, ಮಧ್ಯಾಹ್ನ 3ಕ್ಕೆ ಜಾಗದ ಫೋಟೋ ತೆಗೆದರೆ ತೆಂಗಿನ ಮರದ ನೆರಳು ಎಲ್ಲಿ ಬೀಳುತ್ತೆ ಗೊತ್ತಾಗುತ್ತೆ. ಕೆಲಸ ಮುಗಿದ ದಿನ ಪ್ರತಿ ಕ್ಲಾಂಪಿನ ಫೋಟೋ ತೆಗೆದಿಡಿ. ಪ್ರತಿ ವರ್ಷ ಮಾರ್ಚ್‌ನಲ್ಲಿ, ಗಾಳಿಮಳೆ ಶುರುವಾಗೋ ಮುಂಚೆ, ಅದೇ ಫೋಟೋ ಪಕ್ಕದಲ್ಲಿಟ್ಟು ನಟ್ಟು ಸಡಿಲ ಆಗಿದೆಯಾ ನೋಡಿ ಸ್ಪ್ಯಾನರ್ ಹಾಕಿ.

ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಮನೆ ಮೇಲೆ ಹಾಕಿಸುವವರಿಗೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ, ಆದರೆ ಕೆಲಸ ನೋಂದಾಯಿತ ವೆಂಡರ್ ಕೈಯಲ್ಲೇ ಆಗಬೇಕು. ಯಾರೇ ಮಾಡಲಿ, ಅಡ್ವಾನ್ಸ್ ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ. ಹಿಡಿತ ಎಲ್ಲಿಂದ, ಪರ್ಲಿನ್ನಿಂದಲೋ, ಪಕ್ಕಾಸಿನಿಂದಲೋ, ತೂಕದಿಂದಲೋ? ಎಷ್ಟು ವೇಗದ ಗಾಳಿಗೆ ಲೆಕ್ಕ ಹಾಕಿದ್ದೀರಿ? ಸೋರಿದರೆ ಯಾರು ಸರಿ ಮಾಡಿಕೊಡ್ತೀರಿ? ಉತ್ತರವನ್ನು ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ. "ಏನೂ ಆಗಲ್ಲ ಬಿಡಿ ಅಣ್ಣ" ಅಂದವರಿಗೆ ಅಡ್ವಾನ್ಸ್ ಕೊಡಬೇಡಿ.