ನ್ಯಾಶ್ ಎಡಿಶನ್ಸ್

ನ್ಯಾಶ್ ಎಡಿಶನ್ಸ್ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮ್ಯಾನ್‌ಹಟನ್ ಬೀಚ್‌ನಲ್ಲಿ 1991ರಲ್ಲಿ ಆರಂಭವಾದ ಡಿಜಿಟಲ್ ಮುದ್ರಣ ಕಲಾ ಕೇಂದ್ರ. ಸಂಗೀತಗಾರ ಹಾಗೂ ಛಾಯಾಗ್ರಾಹಕ ಗ್ರಹಾಂ ನ್ಯಾಶ್ ಮತ್ತು ಅವರ ಸ್ನೇಹಿತ ಮ್ಯಾಕ್ ಹೋಲ್ಬರ್ಟ್ ಇದರ ಸ್ಥಾಪಕರು. ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಚಿತ್ರಗಳನ್ನು ಕಲಾಕೃತಿಯ ಗುಣಮಟ್ಟದಲ್ಲಿ ಕಾಗದಕ್ಕೆ ಇಳಿಸಿ, ಸೀಮಿತ ಸಂಖ್ಯೆಯ ಪ್ರತಿಗಳಾಗಿ ಪ್ರಕಟಿಸಿದ ಮೊದಲ ಕೇಂದ್ರಗಳಲ್ಲಿ ಇದೂ ಒಂದು.

ಹಿನ್ನೆಲೆ

ಗ್ರಹಾಂ ನ್ಯಾಶ್ 1942ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ಜನಿಸಿದರು. 'ದ ಹಾಲೀಸ್' ಹಾಗೂ 'ಕ್ರಾಸ್ಬಿ, ಸ್ಟಿಲ್ಸ್ ಅಂಡ್ ನ್ಯಾಶ್' ತಂಡಗಳ ಗಾಯಕರಾಗಿ ಪ್ರಸಿದ್ಧರಾದ ಅವರು ಛಾಯಾಚಿತ್ರಗಳ ಸಂಗ್ರಾಹಕರೂ ಆಗಿದ್ದರು. 1980ರ ದಶಕದ ಕೊನೆಯಲ್ಲಿ ತಮ್ಮ ಛಾಯಾಚಿತ್ರಗಳನ್ನು ಮ್ಯಾಕಿಂಟಾಶ್ ಗಣಕಯಂತ್ರದಲ್ಲಿ ತಿದ್ದುವ ಪ್ರಯೋಗ ಆರಂಭಿಸಿದರು. ಆಗ ತಂಡದ ಪ್ರವಾಸ ವ್ಯವಸ್ಥಾಪಕರಾಗಿದ್ದ ಹೋಲ್ಬರ್ಟ್ ಈ ಕೆಲಸದಲ್ಲಿ ನೆರವಾದರು. ಆದರೆ ಪರದೆಯ ಮೇಲೆ ಕಂಡ ಚಿತ್ರವನ್ನು ಅದೇ ಸೂಕ್ಷ್ಮತೆಯಿಂದ ಕಾಗದದ ಮೇಲೆ ಮೂಡಿಸಬಲ್ಲ ಮುದ್ರಕ ಅವರಿಗೆ ದೊರೆಯಲಿಲ್ಲ.

ಇನ್ನೊಂದು ತೊಡಕೂ ಇತ್ತು. ನ್ಯಾಶ್ ತೆಗೆದಿದ್ದ ಅನೇಕ ಚಿತ್ರಗಳ ನೆಗೆಟಿವ್‌ಗಳು ಮತ್ತು ಮೂಲ ಪ್ರತಿಗಳು ಸಾಗಣೆಯ ವೇಳೆ ಕಳೆದುಹೋಗಿದ್ದವು. ಉಳಿದಿದ್ದವು ನೆಗೆಟಿವ್‌ನಷ್ಟೇ ಅಳತೆಯ ಕಾಂಟ್ಯಾಕ್ಟ್ ಪ್ರಿಂಟ್‌ಗಳು ಮಾತ್ರ. ನೆಗೆಟಿವ್ ಇಲ್ಲದೆ ಕತ್ತಲೆಕೋಣೆಯಲ್ಲಿ ದೊಡ್ಡ ಪ್ರತಿಗಳನ್ನು ಪಡೆಯುವುದು ಸಾಧ್ಯವಿರಲಿಲ್ಲ.

ಐರಿಸ್ ಮುದ್ರಕ

ಈ ತೊಡಕಿಗೆ ಪರಿಹಾರ ದೊರೆತದ್ದು ಐರಿಸ್ ಗ್ರಾಫಿಕ್ಸ್ ಸಂಸ್ಥೆಯ ಯಂತ್ರದಿಂದ. ಅದನ್ನು ಕಲಾಕೃತಿಗಳಿಗಾಗಿ ತಯಾರಿಸಿರಲಿಲ್ಲ. ಪತ್ರಿಕೆ, ಜಾಹೀರಾತು ಮೊದಲಾದವು ಅಚ್ಚಿಗೆ ಹೋಗುವ ಮುನ್ನ ಬಣ್ಣಗಳನ್ನು ಪರೀಕ್ಷಿಸುವ ಕರಡು ಪ್ರತಿ ತೆಗೆಯುವುದು ಅದರ ಉದ್ದೇಶವಾಗಿತ್ತು. ಯಂತ್ರದಲ್ಲಿ ಕಾಗದವನ್ನು ಉರುಳೆಯೊಂದಕ್ಕೆ ಸುತ್ತಿ ವೇಗವಾಗಿ ತಿರುಗಿಸಲಾಗುತ್ತದೆ. ಹಸಿರುನೀಲಿ, ಕೆನ್ನೇರಳೆ, ಹಳದಿ ಮತ್ತು ಕಪ್ಪು ಶಾಯಿಗಳ ನಾಲ್ಕು ಸೂಕ್ಷ್ಮ ನಳಿಕೆಗಳಿಂದ ಸೆಕೆಂಡಿಗೆ ಸುಮಾರು 10 ಲಕ್ಷದಂತೆ ಹನಿಗಳು ನಿರಂತರವಾಗಿ ಚಿಮ್ಮುತ್ತವೆ. ಬೇಡವಾದ ಹನಿಗಳಿಗೆ ವಿದ್ಯುದಾವೇಶ ನೀಡಿ ಪಕ್ಕಕ್ಕೆ ತಿರುಗಿಸಲಾಗುತ್ತದೆ. ಉಳಿದವು ಕಾಗದವನ್ನು ಸೇರುತ್ತವೆ. ಒಂದೊಂದು ಬಿಂದುವಿಗೂ ಬೀಳುವ ಶಾಯಿಯ ಪ್ರಮಾಣ ಬದಲಾಗುವುದರಿಂದ ಛಾಯೆಗಳು ಒಂದರೊಳಗೊಂದು ಬೆರೆತಂತೆ ಕಾಣುತ್ತವೆ.

ಡಿಸ್ನಿ ಸಂಸ್ಥೆಯಲ್ಲಿ ಬಣ್ಣ ತಂತ್ರಜ್ಞರಾಗಿದ್ದ ಡೇವಿಡ್ ಕೂನ್ಸ್, ಅಲ್ಲಿನ ಐರಿಸ್ ಯಂತ್ರದಲ್ಲಿ ಕೆಲಸದ ಅವಧಿ ಮುಗಿದ ಬಳಿಕ ನ್ಯಾಶ್ ಅವರ 16 ಭಾವಚಿತ್ರಗಳನ್ನು ಮುದ್ರಿಸಿಕೊಟ್ಟರು. ಕಾಂಟ್ಯಾಕ್ಟ್ ಪ್ರಿಂಟ್‌ಗಳನ್ನು ಸ್ಕ್ಯಾನ್ ಮಾಡಿ, ದೊಡ್ಡ ಅಳತೆಗೆ ಹೊಂದುವಂತೆ ತಿದ್ದಿ, ಸ್ವತಃ ರಚಿಸಿದ ತಂತ್ರಾಂಶದ ಮೂಲಕ ಜಲವರ್ಣ ಚಿತ್ರಕಲೆಯ ಕಾಗದದ ಮೇಲೆ ಅವುಗಳನ್ನು ಮೂಡಿಸಿದರು. ಈ ಪ್ರತಿಗಳು 1990ರ ಏಪ್ರಿಲ್‌ನಲ್ಲಿ ಸೈಮನ್ ಲೊವಿನ್‌ಸ್ಕಿ ಗ್ಯಾಲರಿಯಲ್ಲಿ ಪ್ರದರ್ಶನಗೊಂಡವು.

ಸ್ಥಾಪನೆ

1990ರ ಜುಲೈನಲ್ಲಿ ನ್ಯಾಶ್ 1,26,000 ಡಾಲರ್ ನೀಡಿ ಐರಿಸ್ 3047 ಮಾದರಿಯ ಮುದ್ರಕವನ್ನು ಕೊಂಡರು. ಮ್ಯಾನ್‌ಹಟನ್ ಬೀಚ್‌ನಲ್ಲಿ ಹಿಂದೆ ಕುದುರೆಗಾಡಿ ನಿಲ್ಲಿಸಲು ಕಟ್ಟಿದ್ದ ಚಿಕ್ಕ ಮನೆಯೊಂದರಲ್ಲಿ ಅದನ್ನು ಸ್ಥಾಪಿಸಲಾಯಿತು. ಅದೇ ವರ್ಷ ಟೋಕಿಯೋದಲ್ಲಿ ನಡೆದ ಪ್ರದರ್ಶನಕ್ಕಾಗಿ 35 ಭಾವಚಿತ್ರಗಳನ್ನು ತಲಾ 50 ಪ್ರತಿಗಳಂತೆ, ಒಟ್ಟು 1,750 ಪ್ರತಿಗಳಲ್ಲಿ ಮುದ್ರಿಸಲಾಯಿತು. 1991ರ ಜುಲೈ 1ರಂದು ನ್ಯಾಶ್ ಎಡಿಶನ್ಸ್ ವಿಧ್ಯುಕ್ತವಾಗಿ ಆರಂಭವಾಯಿತು. ಹೋಲ್ಬರ್ಟ್ ಪ್ರವಾಸ ವ್ಯವಸ್ಥಾಪಕ ಹುದ್ದೆಯನ್ನು ತೊರೆದು ಇದರ ಹೊಣೆ ಹೊತ್ತರು. ಕೂನ್ಸ್, ಜಾನ್ ಬಿಲೊಟ್ಟಾ ಹಾಗೂ ರೇಷ್ಮೆ ಪರದೆ ಮುದ್ರಣದಲ್ಲಿ ಪರಿಣತರಾಗಿದ್ದ ಜ್ಯಾಕ್ ಡುಗಾನ್ ಆರಂಭದ ಸಿಬ್ಬಂದಿಯಲ್ಲಿದ್ದರು. ಡೇವಿಡ್ ಹಾಕ್ನಿ, ರಾಬರ್ಟ್ ಹೈನೆಕೆನ್, ಪೆದ್ರೊ ಮೆಯರ್ ಮೊದಲಾದ ಕಲಾವಿದರ ಕೃತಿಗಳು ಇಲ್ಲಿ ಮುದ್ರಣಗೊಂಡಿವೆ.

ಐರಿಸ್ ಯಂತ್ರವು ತೆಳುವಾದ ಕಾಗದಕ್ಕೆ ಹೊಂದುವಂತೆ ರಚಿತವಾಗಿತ್ತು. ಕಲಾವಿದರು ಬಯಸುವ ದಪ್ಪ ಕಾಗದಕ್ಕೆ ಜಾಗ ಮಾಡಿಕೊಡಲು ಮುದ್ರಣ ಶಿರಗಳ ಒಂದು ಭಾಗವನ್ನು ಗರಗಸದಿಂದ ಕತ್ತರಿಸಿ ಹಿಂದಕ್ಕೆ ಸರಿಸಲಾಯಿತು. ಇದರಿಂದ ದುಬಾರಿ ಯಂತ್ರದ ವಾರಂಟಿ ರದ್ದಾಯಿತು.

ಬಾಳಿಕೆಯ ಪ್ರಶ್ನೆ

ಕರಡು ಪ್ರತಿಯ ಬಣ್ಣ ಕೆಲವು ದಿನ ಉಳಿದರೆ ಸಾಕು. ಕಲಾಕೃತಿಗೆ ಅಷ್ಟು ಸಾಲದು. ಐರಿಸ್ ಯಂತ್ರದ ಮೂಲ ಶಾಯಿ ನೀರಿನಲ್ಲಿ ಕರಗುವ ಬಣ್ಣಗಳಿಂದ ತಯಾರಾಗಿದ್ದು, ಬೆಳಕಿಗೆ ಬೇಗನೆ ಮಾಸುತ್ತಿತ್ತು. ಹಣ ಕೊಟ್ಟು ಕೊಂಡ ಕೃತಿ ಗೋಡೆಯ ಮೇಲೆಯೇ ಮಸುಕಾಗುವುದಾದರೆ ಈ ಮಾಧ್ಯಮವನ್ನು ಸಂಗ್ರಾಹಕರಾಗಲಿ ವಸ್ತುಸಂಗ್ರಹಾಲಯಗಳಾಗಲಿ ನಂಬುವಂತಿರಲಿಲ್ಲ. ಆದ್ದರಿಂದ ಹೆಚ್ಚು ಬಾಳುವ ಶಾಯಿಗಳ ಪ್ರಯೋಗ ಕೇಂದ್ರದ ಮುಖ್ಯ ಕೆಲಸಗಳಲ್ಲಿ ಒಂದಾಯಿತು. ಮುಂದೆ ಕೇಂದ್ರವು ಎಪ್ಸನ್ ಸಂಸ್ಥೆಯ ದೊಡ್ಡ ಅಳತೆಯ ಮುದ್ರಕಗಳನ್ನು ಅಳವಡಿಸಿಕೊಂಡಿತು. ನೀರಿನಲ್ಲಿ ಕರಗದ ಸೂಕ್ಷ್ಮ ಕಣಗಳಿರುವ ಪಿಗ್ಮೆಂಟ್ ಶಾಯಿಗಳು ಬಂದ ಮೇಲೆ ಇಂಕ್‌ಜೆಟ್ ಪ್ರತಿಗಳ ಬಾಳಿಕೆ ಬಹಳ ಹೆಚ್ಚಿತು.

'ಜಿಕ್ಲೇ' ಎಂಬ ಹೆಸರು

'ಇಂಕ್‌ಜೆಟ್' ಎಂಬ ಪದ ಕಚೇರಿಯ ಮುದ್ರಕವನ್ನು ನೆನಪಿಸುತ್ತಿದ್ದುದರಿಂದ ಕಲಾ ಮಾರುಕಟ್ಟೆಗೆ ಬೇರೆ ಹೆಸರಿನ ಅಗತ್ಯ ಕಂಡುಬಂತು. ಜ್ಯಾಕ್ ಡುಗಾನ್, 'ಚಿಮ್ಮಿಸು' ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ 'ಜಿಕ್ಲೇ' ಎಂಬ ಪದವನ್ನು ರೂಪಿಸಿದರು. ನ್ಯಾಶ್ ಮತ್ತು ಹೋಲ್ಬರ್ಟ್ ತಮ್ಮ ಪ್ರತಿಗಳಿಗೆ 'ಡಿಜಿಗ್ರಾಫ್' ಎಂಬ ಹೆಸರನ್ನು ಆರಿಸಿಕೊಂಡರೂ, ಜನಬಳಕೆಯಲ್ಲಿ ಉಳಿದದ್ದು 'ಜಿಕ್ಲೇ'. ಮೊದಲು ಐರಿಸ್ ಪ್ರತಿಗಳನ್ನು ಸೂಚಿಸುತ್ತಿದ್ದ ಈ ಪದವನ್ನು ಈಗ ಕಲಾಕೃತಿಯೆಂದು ಮಾರಾಟವಾಗುವ ಬಹುತೇಕ ಎಲ್ಲ ಇಂಕ್‌ಜೆಟ್ ಪ್ರತಿಗಳಿಗೂ ಬಳಸಲಾಗುತ್ತದೆ. ಹೀಗಾಗಿ ಹೆಸರೊಂದರಿಂದಲೇ ಕೃತಿಯ ಗುಣಮಟ್ಟವನ್ನು ನಿರ್ಧರಿಸಲಾಗದು. ಶಾಯಿ, ಕಾಗದ ಮತ್ತು ಪ್ರತಿಗಳ ಸಂಖ್ಯೆಯನ್ನೂ ಪರಿಗಣಿಸಬೇಕಾಗುತ್ತದೆ.

ಮಹತ್ವ

2005ರಲ್ಲಿ ನ್ಯಾಶ್ ತಮ್ಮ ಮೊದಲ ಐರಿಸ್ 3047 ಮುದ್ರಕವನ್ನು ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿದರು. ಕಲ್ಲಚ್ಚು, ಎಚ್ಚಿಂಗ್ ಮತ್ತು ರೇಷ್ಮೆ ಪರದೆ ಮುದ್ರಣಗಳ ಸಾಲಿಗೆ ಡಿಜಿಟಲ್ ಮುದ್ರಣವೂ ಸೇರಲು ಇಂತಹ ಕೇಂದ್ರಗಳ ಪ್ರಯೋಗಗಳು ದಾರಿ ಮಾಡಿಕೊಟ್ಟವು.