ಶುಕ್ರವಾರದ ಕ್ಯಾಮೆರಾ: ಕೇಳಿ ತೆಗೆದ ಚಿತ್ರ, ಕೊಟ್ಟು ಉಳಿಸಿಕೊಂಡ ಮಾತು

ಶುಕ್ರವಾರ ಮದ್ರಸಕ್ಕೆ ರಜೆ. ಸುಬಹಿ ನಮಾಝ್ ಮುಗಿಸಿ, ಒಂದು ಲೋಟ ಚಾ ಕುಡಿದು, ಹೆಗಲಿಗೆ ಹಳೆಯ ಕ್ಯಾಮೆರಾ ಚೀಲ ಹಾಕಿಕೊಂಡು ಅರಸೀಕೆರೆಯ ಬೀದಿಗೆ ಇಳಿದರೆ ನನ್ನ ವಾರದ ತಿರುಗಾಟ ಶುರು. ಕೆಲವು ವಾರ ಅಲ್ಲಿಯೇ ಸುತ್ತಿ ಜುಮಾಕ್ಕೆ ಮೊದಲು ಮನೆ ಸೇರುತ್ತೇನೆ. ಕೆಲವು ವಾರ ಬಸ್ಸು ಹತ್ತಿ ಹಳೇಬೀಡು, ಬೇಲೂರು ಕಡೆ ಹೋಗಿ, ಜುಮಾ ಅಲ್ಲಿಯೇ ಮಾಡಿ, ಸಂಜೆ ಬೆಳಕು ಮುಗಿದ ಮೇಲೆ ಮರಳುತ್ತೇನೆ. ಸೌದಿಯಲ್ಲಿದ್ದ ಭಾವ ಊರಿಗೆ ಬಂದಾಗ ಹೊಸ ಕ್ಯಾಮೆರಾ ಕೊಂಡು, ತನ್ನ ಹಳೆಯದನ್ನು ನನ್ನ ಕೈಗಿಟ್ಟರು. "ಉಸ್ತಾದ್‌ಗೆ ಇದೆಂಥ ಹುಚ್ಚು" ಎಂದು ಉಮ್ಮ ನಕ್ಕರು. ಹುಚ್ಚು ಹೌದು. ಆದರೆ ಈ ಹುಚ್ಚು ನನಗೆ ಕಲಿಸಿದ್ದನ್ನು ಕಿತಾಬುಗಳ ನಡುವೆ ಕೂತಿದ್ದರೆ ಬಹುಶಃ ಕಲಿಯುತ್ತಿರಲಿಲ್ಲ.

ಮೊದಲ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ: "ಉಸ್ತಾದ್, ಫೋಟೋ ತೆಗೆಯುವುದು ಸರಿಯಾ?" ಕ್ಯಾಮೆರಾ ಚಿತ್ರದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಇದೆ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಕಳೆದ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು ಇದರ ಬಗ್ಗೆಯೇ ಒಂದು ಪ್ರಬಂಧ ಬರೆದು, ಇದು ಕೈಯಿಂದ ರೂಪ ಕೊಡುವ ಕೆಲಸ ಅಲ್ಲ, ಬಿದ್ದ ನೆರಳನ್ನು ಹಿಡಿದಿಡುವುದು ಮಾತ್ರ ಎಂದು ವಿವರಿಸಿದರು. ಬೇಡವೆಂದ ದೊಡ್ಡ ವಿದ್ವಾಂಸರೂ ಇದ್ದಾರೆ. ನಾನು ಇಲ್ಲಿ ಫತ್ವಾ ಕೊಡಲು ಕೂತಿಲ್ಲ. ನನಗೆ ಕಲಿಸಿದ ಉಸ್ತಾದರು ಹೇಳಿದ್ದು ಇಷ್ಟೇ: "ಚಿತ್ರಕ್ಕಿಂತ ಮೊದಲು ಚಿತ್ರದಲ್ಲಿರುವ ಮನುಷ್ಯನ ಹಕ್ಕು ನೋಡು." ಆ ಮಾತಿನ ತೂಕ ಗೊತ್ತಾಗಲು ನನಗೆ ಒಂದು ಬೈಗುಳ ಬೇಕಾಯಿತು.

ಬಸ್ ನಿಲ್ದಾಣದ ಪಾಠ

ಕ್ಯಾಮೆರಾ ಸಿಕ್ಕ ಹೊಸತು. ಒಂದು ಬಸ್ ನಿಲ್ದಾಣದಲ್ಲಿ ತಾಯಿಯೊಬ್ಬಳು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಕಿಟಕಿಯಿಂದ ಬೆಳಕು ಮಗುವಿನ ಕೆನ್ನೆ ಮೇಲೆ ಬಿದ್ದಿತ್ತು. ಹಿಂದೆಮುಂದೆ ನೋಡದೆ ಒತ್ತಿಬಿಟ್ಟೆ. ಹಿಂದಿನಿಂದ ಒಂದು ಕೈ ಹೆಗಲು ಹಿಡಿಯಿತು. "ಏನ್ ಸಾಬ್ರೇ, ಯಾರನ್ ಕೇಳಿ ತೆಗೆದ್ರಿ? ನಿಮ್ಮನೆ ಹೆಂಗಸರದ್ದು ಹಿಂಗೇ ತೆಗೀತೀರಾ?" ಆಕೆಯ ಗಂಡ. ಸುತ್ತ ನಾಲ್ಕು ಜನ ಸೇರಿದರು. ನಾನು ಅಲ್ಲಿಯೇ ಚಿತ್ರ ಅಳಿಸಿ, ಅಳಿಸಿದ್ದನ್ನು ತೋರಿಸಿ, ಕ್ಷಮೆ ಕೇಳಿದೆ. ಅವರು ಸುಮ್ಮನಾದರು. ನನಗೆ ಮಾತ್ರ ಆ ಪ್ರಶ್ನೆ ಮನೆವರೆಗೂ ಬಂತು.

ಯಾಕೆಂದರೆ ಅವರು ಕೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇನ್ನೊಬ್ಬರ ಮನೆಗೆ ಹೋದರೆ ಸಲಾಂ ಹೇಳಿ, ಅನುಮತಿ ಕೇಳಿ ಒಳಗೆ ಹೋಗಬೇಕೆಂಬ ಸೂರ ಅನ್ನೂರಿನ ಪಾಠವನ್ನು ಮಕ್ಕಳಿಗೆ ವರ್ಷ ವರ್ಷ ಹೇಳಿಕೊಡುವವನು ನಾನು. ಬಾಗಿಲಿಗೆ ಅನುಮತಿ ಬೇಕು, ಮುಖಕ್ಕೆ ಬೇಡವೇ? ಆ ದಿನದಿಂದ ಒಂದು ನಿಯಮ ಮಾಡಿಕೊಂಡೆ. ಮೊದಲು ಮಾತು, ಆಮೇಲೆ ಕ್ಯಾಮೆರಾ. ಬೇಡ ಅಂದರೆ ನಕ್ಕು ಮುಂದೆ ನಡೆಯುವುದು. ಒಳ್ಳೆಯ ಚಿತ್ರಗಳು ಎಷ್ಟೋ ತಪ್ಪಿ ಹೋಗಿವೆ. ಹೋಗಲಿ.

ಹಳೇಬೀಡಿಗೆ ಬಂದಿದ್ದ ಮೊದಲ ಹವ್ಯಾಸಿ

ಈ ಊರುಗಳಲ್ಲಿ ಕ್ಯಾಮೆರಾ ಹಿಡಿದು ಅಲೆದ ಹವ್ಯಾಸಿಗಳ ಸಾಲು ನನ್ನಿಂದ ಶುರುವಾದದ್ದಲ್ಲ. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಬ್ರಿಟಿಷ್ ಸೇನಾಧಿಕಾರಿ ರಜೆ ಹಾಕಿ ಹಳೇಬೀಡು, ಬೇಲೂರಿಗೆ ಬಂದ. ಕೆಲಸ ಮದ್ರಾಸ್ ಸೇನೆಯಲ್ಲಿ, ಫೋಟೋ ತೆಗೆಯುವುದು ಹವ್ಯಾಸ. ವಯಸ್ಸು ಇನ್ನೂ 32. ಆಗ ರೋಲ್ ಫಿಲ್ಮ್ ಕೂಡ ಇರಲಿಲ್ಲ. ಕಾಗದಕ್ಕೆ ಮೇಣ ಹಚ್ಚಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ದೊಡ್ಡ ಮರದ ಪೆಟ್ಟಿಗೆಯಂಥ ಕ್ಯಾಮೆರಾದೊಳಗಿಟ್ಟು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ಆ ಕಾಗದದಿಂದ ಮತ್ತೊಂದು ಕಾಗದಕ್ಕೆ ಬಿಸಿಲಲ್ಲಿಟ್ಟು ಪ್ರತಿ ತೆಗೆಯಬೇಕು. ಆ ಚಿತ್ರಗಳನ್ನು 1855ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಇಟ್ಟಾಗ ಅವನಿಗೆ ಮೊದಲ ದರ್ಜೆಯ ಪದಕ ಸಿಕ್ಕಿತು. ಮುಂದೆ ಅವನೇ ಮದ್ರಾಸ್ ಸರ್ಕಾರದ ಅಧಿಕೃತ ಛಾಯಾಗ್ರಾಹಕನಾದ. ಅವನ ಬೆನ್ನಿಗೇ ನೀಲ್ ಎಂಬ ಸೇನಾ ವೈದ್ಯನೂ ಇಲ್ಲಿ ಚಿತ್ರ ತೆಗೆದ. ಅವು ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ದೊಡ್ಡ ಪುಸ್ತಕದಲ್ಲಿ ಸೇರಿದವು.

ನಿಮಿಷಗಟ್ಟಲೆ ಬೆಳಕು ಬೇಕಾದ ಆ ಕಾಗದದಲ್ಲಿ ನಡೆದಾಡುವ ಮನುಷ್ಯ ನಿಲ್ಲುವುದಿಲ್ಲ. ಕಲ್ಲು ನಿಲ್ಲುತ್ತದೆ, ಗೋಡೆ ನಿಲ್ಲುತ್ತದೆ. ಅಲುಗಾಡಿದವನು ಮಂಜಿನಂತೆ ಕರಗಿ ಹೋಗುತ್ತಾನೆ. ನನ್ನ ಕೈಯಲ್ಲಿರುವ ಹಳೆಯ ಕ್ಯಾಮೆರಾ ಓಡುವ ನಾಯಿಯನ್ನೂ ಹಿಡಿದು ನಿಲ್ಲಿಸುತ್ತದೆ. ಹಾಗಾಗಿಯೇ ನನಗೆ ಕಲ್ಲಿಗಿಂತ ಅಂಗಳ ಗುಡಿಸುವವರು, ಎಳನೀರು ಕೊಚ್ಚುವವರು, ಶಾಲೆ ಪ್ರವಾಸದ ಮಕ್ಕಳ ಮೇಲೆ ಕಣ್ಣು.

ಒಂದು ಮಾತು ನಮ್ಮ ಹುಡುಗರಿಗೆ. ಕ್ಯಾಮೆರಾ ಎಂಬ ಶಬ್ದ ಅರಬಿಯಿಂದ ಬಂತು ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶವನ್ನು ನಂಬಬೇಡಿ. ಅದು ಲ್ಯಾಟಿನ್ ಶಬ್ದ, ಕೋಣೆ ಎಂದು ಅರ್ಥ. ನಿಜವಾದ ಹೆಮ್ಮೆಗೆ ಕಾರಣ ಬೇರೆ ಇದೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್ ಸಾವಿರ ವರ್ಷಗಳ ಹಿಂದೆಯೇ ಕತ್ತಲೆ ಕೋಣೆಯ ಸಣ್ಣ ರಂಧ್ರದಿಂದ ಬೆಳಕು ಹೇಗೆ ಒಳಬಂದು ಬೀಳುತ್ತದೆಂದು ಪರೀಕ್ಷಿಸಿದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಏಳು ಭಾಗಗಳ 'ಕಿತಾಬುಲ್ ಮನಾಝಿರ್'ನಲ್ಲಿ ವಾದಿಸಿದರು. ಸುಳ್ಳು ಹೆಮ್ಮೆ ಬೇಡ, ನಿಜದ್ದೇ ಸಾಕಷ್ಟಿದೆ.

ಬೆಳಕು ನೋಡಿ ಹೊರಡುವುದು

ಅರಸೀಕೆರೆಯ ಶಿವಾಲಯ 1220ರ ಸುಮಾರಿನದು. ಅದರ ಮುಂದಿನ ಮಂಟಪ ನಕ್ಷತ್ರದ ಆಕಾರ, ಹದಿನಾರು ಮೂಲೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಒಂದು ಮೂಲೆಗೆ ಬೆಳಕು, ಪಕ್ಕದ್ದಕ್ಕೆ ನೆರಳು. ಮಧ್ಯಾಹ್ನ ಹೋದರೆ ಎಲ್ಲ ಒಂದೇ ಬಣ್ಣ, ಚಿತ್ರ ಸಪ್ಪೆ. ಹಳೇಬೀಡಿನಲ್ಲಿ ಲೆಕ್ಕ ಉಲ್ಟಾ. ಹೊಯ್ಸಳೇಶ್ವರ ದೇವಸ್ಥಾನದ ಬಾಗಿಲುಗಳು ಪೂರ್ವಕ್ಕೆ, ಆದರೆ ಅತಿ ಸೂಕ್ಷ್ಮ ಕೆತ್ತನೆಯ ಗೋಡೆ ಪಶ್ಚಿಮಕ್ಕೆ. ಅದನ್ನು ತೆಗೆಯಲು ಅಸರ್ ನಮಾಝಿನ ನಂತರದ ಬೆಳಕೇ ಸರಿ. ಅಲ್ಲಿನದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವಂಥದ್ದು. ಕಾಲ್ಬೆರಳಿನ ಉಗುರನ್ನೂ ಕೆತ್ತಲು ಸಾಧ್ಯವಾದದ್ದು ಅದರಿಂದಲೇ. ಮೋಡ ಕವಿದ ದಿನ ಈ ಕಪ್ಪು ಕಲ್ಲು ಇನ್ನೂ ಚೆನ್ನಾಗಿ ಕಾಣುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ಒಯ್ಯಬೇಕಾದರೆ ಮೊದಲೇ ಪುರಾತತ್ವ ಇಲಾಖೆಯ ಅನುಮತಿ ಪಡೆಯಬೇಕು. ನಾನು ಕಂಬಕ್ಕೆ ಒರಗದೆ, ಉಸಿರು ಹಿಡಿದು, ಕೈಯಲ್ಲೇ ತೆಗೆಯುತ್ತೇನೆ.

ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆ. ಅಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆತ್ತನೆಯ ಕೆಳಗೆ ಹೆಸರು, ಊರು ಬರೆದುಕೊಂಡಿದ್ದಾರೆ. ಅರಮನೆಯ ಕೆಲಸ ಮಾಡಿದರೂ ಕೆಲಸಗಾರನ ಹೆಸರು ಉಳಿದದ್ದು ನೋಡಿ ನನಗೆ ಯಾವಾಗಲೂ ಖುಷಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿದವು. ಪ್ರವಾಸಿಗಳ ಕೈಯಲ್ಲೆಲ್ಲ ಕ್ಯಾಮೆರಾ. ಆದರೆ ತಲೆಗೆ ಟೋಪಿ, ಮುಖದಲ್ಲಿ ಗಡ್ಡ ಇರುವವನ ಕೈಯಲ್ಲಿ ಕ್ಯಾಮೆರಾ ಕಂಡರೆ ಒಂದೆರಡು ಕಣ್ಣು ಹೆಚ್ಚು ತಿರುಗುತ್ತವೆ. ಇದನ್ನು ದೂರಿನಂತೆ ಬರೆಯುತ್ತಿಲ್ಲ, ಆದದ್ದನ್ನು ಹೇಳುತ್ತಿದ್ದೇನೆ.

ಎಲ್ಲರೂ ತಿರುಗಿ ನೋಡಿದ ಕ್ಷಣ

ಒಂದು ಸಂಜೆ ಹಳೇಬೀಡಿನ ಪಶ್ಚಿಮದ ಗೋಡೆಯೆದುರು ನಿಂತಿದ್ದೆ. ಪಕ್ಕದಲ್ಲಿ ಶಾಲಾ ಮಕ್ಕಳ ಗುಂಪಿಗೆ ಗೈಡ್ ಒಬ್ಬರು ವಿವರಿಸುತ್ತಿದ್ದರು: "1311ರಲ್ಲಿ ಮಲಿಕ್ ಕಾಫೂರ್ ದಂಡೆತ್ತಿ ಬಂದ..." ಅವರ ಕಣ್ಣು ನನ್ನ ಮೇಲೆ ಬಿತ್ತು. ಮಾತು ಅರ್ಧಕ್ಕೆ ನಿಂತಿತು. ಅವರು ನಿಲ್ಲಿಸಿದ್ದರಿಂದಲೇ ಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಲೆನ್ಸ್ ಒರೆಸುವವನಂತೆ ತಲೆ ತಗ್ಗಿಸಿದೆ.

ತಗ್ಗಿಸಬೇಕಾಗಿರಲಿಲ್ಲ ಎಂದು ಆಮೇಲೆ ಅನ್ನಿಸಿತು. ದಿಲ್ಲಿಯ ಸೈನ್ಯ ಬಂದದ್ದು ಚರಿತ್ರೆ. ಗೈಡ್ ಅದನ್ನು ಹೇಳಬೇಕು, ನಾವೂ ಕೇಳಬೇಕು. ಅದರ ಲೆಕ್ಕ ಕೊಡಬೇಕಾದವನು ನಾನಲ್ಲ, ನನ್ನ ಮದ್ರಸದ ಮಕ್ಕಳೂ ಅಲ್ಲ. ಆದರೆ ಇದೇ ನೆಲದ ಇನ್ನೊಂದು ಪುಟವೂ ಉಂಟು. ಬೇಲೂರಿನ ಚೆನ್ನಕೇಶವ ರಥೋತ್ಸವದಲ್ಲಿ ಖಾಝಿಯವರು ಕುರ್‌ಆನ್ ಪಠಿಸುವ ರೂಢಿ ಹಳೆಯದು. 2022ರ ಏಪ್ರಿಲಿನಲ್ಲಿ ಕೆಲವರು ವಿರೋಧಿಸಿದಾಗಲೂ ಮುಜರಾಯಿ ಇಲಾಖೆ ಅನುಮತಿ ಕೊಟ್ಟು, ಪಠಣ ನಡೆಯಿತು. ಗೈಡ್ ಎರಡನ್ನೂ ಹೇಳಲಿ ಎಂದು ನನ್ನಾಸೆ. ಹೇಳದಿದ್ದರೆ ನಾವಾದರೂ ನಮ್ಮ ಮಕ್ಕಳಿಗೆ ಎರಡನ್ನೂ ಹೇಳಬೇಕು.

ಇಷ್ಟರಲ್ಲಿ ಮೂರು ಹುಡುಗಿಯರು ಗುಂಪು ಬಿಟ್ಟು ಬಂದರು. "ಅಂಕಲ್, ದೊಡ್ಡ ಕ್ಯಾಮೆರಾದಲ್ಲಿ ನಮ್ದೊಂದು ಫೋಟೋ ತೆಗೀರಿ." ನಾನು ಅವರ ಟೀಚರನ್ನು ನೋಡಿದೆ, ಅವರು ತಲೆಯಾಡಿಸಿದರು. ಮೂರು ಇದ್ದವರು ಮೂವತ್ತಾದರು. ಕೊನೆಗೆ ಗೈಡ್ ಕೂಡ ಹಿಂದಿನ ಸಾಲಿನಲ್ಲಿ ಬಂದು ನಿಂತರು. ಚಿತ್ರವನ್ನು ಟೀಚರ್ ಮೊಬೈಲಿಗೆ ಕಳಿಸಿ, ಮಕ್ಕಳ ಮುಖ ಇದ್ದದ್ದರಿಂದ ನನ್ನಲ್ಲಿದ್ದುದನ್ನು ಅಳಿಸಿದೆ.

ಕಳೆದುಹೋದ ಚಿತ್ರ

ಈಗ ನನ್ನನ್ನು ಹೆಚ್ಚು ಕಾಡಿದ ಸಂಗತಿಗೆ ಬರುತ್ತೇನೆ. ಅರಸೀಕೆರೆ ಎಂದರೆ ತೆಂಗು. ಇಲ್ಲಿ ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಬರಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಒಡೆಯದಂತೆ ತೆಗೆಯುವ ಕೆಲಸ. ಒಂದು ಕಣದಲ್ಲಿ ವಯಸ್ಸಾದವರೊಬ್ಬರು ನೆಲಕ್ಕೆ ನೆಟ್ಟ ಹಾರೆಯ ಮೇಲೆ ಕಾಯಿ ಸುಲಿಯುತ್ತಿದ್ದರು. ಮೂರು ತಿರುವು, ಸಿಪ್ಪೆ ಬೇರೆ, ಕಾಯಿ ಬೇರೆ. "ಅಜ್ಜಾರೇ, ಒಂದು ಫೋಟೋ ತೆಗೀಲಾ?" ಎಂದೆ. "ತೆಗಿ ಸಾಬ್ರೇ, ಆದ್ರೆ ಒಂದು ನಂಗೂ ಕೊಡ್ಬೇಕು. ಎಲ್ರೂ ತೆಗೀತಾರೆ, ಯಾರೂ ಕೊಡಲ್ಲ." ಇನ್‌ಶಾ ಅಲ್ಲಾಹ್, ಮುಂದಿನ ಶುಕ್ರವಾರ ತರುತ್ತೇನೆ ಎಂದೆ.

ಮುಂದಿನ ಶುಕ್ರವಾರ ಮನೆಯಲ್ಲಿ ನೆಂಟರು. ಅದರ ಮುಂದಿನದು ಮದ್ರಸದ ಪರೀಕ್ಷೆ ಪತ್ರಿಕೆ. ಹಾಗೇ ಎರಡು ತಿಂಗಳು. ಒಂದು ರಾತ್ರಿ ಕಾರ್ಡಿನಲ್ಲಿ ಜಾಗ ಇಲ್ಲವೆಂದು ನೋಡದೆ ಎಲ್ಲ ಅಳಿಸಿಬಿಟ್ಟೆ. ಅಜ್ಜನ ಚಿತ್ರವೂ ಹೋಯಿತು.

ಕೊಟ್ಟ ಮಾತು ತಪ್ಪುವುದು ಕಪಟದ ಲಕ್ಷಣಗಳಲ್ಲಿ ಒಂದೆಂದು ಕಲಿಸುವವನು ನಾನು. ಆ ಬೀದಿಗೆ ಹೋಗುವುದನ್ನೇ ಬಿಟ್ಟೆ. ಕ್ಯಾಮೆರಾ ಚೀಲ ಮೂಲೆಯಲ್ಲಿತ್ತು. ಒಂದು ದಿನ ತರಗತಿಯಲ್ಲಿ ಅಮಾನತ್ ಬಗ್ಗೆ ಪಾಠ ಮಾಡುತ್ತಾ ನನ್ನ ಬಾಯಿ ತಾನಾಗಿಯೇ ಕಟ್ಟಿತು. ಮರುದಿನವೇ ಶುಕ್ರವಾರ. ಬೆಳಿಗ್ಗೆ ನೇರ ಕಣಕ್ಕೆ ಹೋಗಿ ನಡೆದದ್ದನ್ನು ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಇಷ್ಟು ಹೇಳಕ್ಕೆ ಬಂದ್ರಾ? ತಿರ್ಗಾ ತೆಗೀರಿ ಮತ್ತೆ. ನಾನೇನ್ ಸತ್ತೋಗಿದೀನಾ?" ಎಂದು ಮತ್ತೊಂದು ಕಾಯಿ ಹಾರೆಗೆ ಕೊಟ್ಟರು.

ಈ ಸಲ ಮನೆಗೂ ಹೋಗಲಿಲ್ಲ. ಪೇಟೆಯ ಸ್ಟುಡಿಯೋದಲ್ಲಿ ಆಗಲೇ ಪ್ರಿಂಟ್ ಹಾಕಿಸಿ, ಜುಮಾಕ್ಕೆ ಮೊದಲೇ ತಂದುಕೊಟ್ಟೆ. ಅವರು ಲುಂಗಿಗೆ ಕೈ ಒರೆಸಿಕೊಂಡು, ಅಂಚು ಹಿಡಿದು, ಬಹಳ ಹೊತ್ತು ನೋಡಿದರು. "ನನ್ ಕೈ ಇಷ್ಟು ಕಪ್ಪಾ?" ಎಂದರು. ಕಾಯಿ ಸಿಪ್ಪೆಯ ಕಲೆ. ಕಣದ ಹೆಂಗಸರೆಲ್ಲ ಬಂದು ಇಣುಕಿದರು. ಒಬ್ಬಾಕೆ, "ನಮ್ದೂ ತೆಗೀರಿ, ಆದ್ರೆ ಬೇರೆ ಯಾರ್ಗೂ ತೋರಿಸ್ಬಾರ್ದು" ಎಂದರು. ತೆಗೆದೆ. ಆ ಚಿತ್ರ ಈ ಪುಟದಲ್ಲಿ ಇಲ್ಲದಿರುವುದು ಅದಕ್ಕೇ.

ಮೊಬೈಲ್ ಹಿಡಿದ ನಮ್ಮ ಮಕ್ಕಳೆಲ್ಲ ಈಗ ಛಾಯಾಗ್ರಾಹಕರೇ. ಮದುವೆ ಮನೆಯ ಹೆಂಗಸರ ಕೋಣೆ, ಆಸ್ಪತ್ರೆಯ ಹಾಸಿಗೆ, ಮಯ್ಯಿತ್ ಇಟ್ಟ ಮನೆ, ಎಲ್ಲಿಯೂ ಕೈ ಮೇಲೇಳುತ್ತದೆ. ಮಕ್ಕಳಿಗೆ ಕ್ಯಾಮೆರಾ ಬೇಡವೆಂದು ಹೇಳುವುದಕ್ಕಿಂತ ಮೂರು ವಿಷಯ ಹೇಳಿಕೊಡೋಣ. ಕೇಳಿ ತೆಗೆ. ಬೇಡವೆಂದರೆ ಅಳಿಸು. ಕೊಡುತ್ತೇನೆ ಅಂದರೆ ಕೊಡು. ಅಷ್ಟು ಕಲಿತವನು ಮೊಬೈಲಿನಲ್ಲಿ ತೆಗೆದರೂ ಸಾಕು.

ಮೊನ್ನೆ ಅರಸೀಕೆರೆಯಲ್ಲಿ ಅಜ್ಜನ ಮನೆ ಮುಂದೆ ಹಾದುಹೋದೆ. ಬಾಗಿಲು ತೆರೆದಿತ್ತು. ಗೋಡೆಯ ಕ್ಯಾಲೆಂಡರಿನ ಮೂಲೆಗೆ ಆ ಚಿತ್ರವನ್ನು ಸಿಕ್ಕಿಸಿದ್ದರು. ಒಳಗೆ ಬನ್ನಿ ಎಂದು ಕರೆದರು. ಚೀಲದಲ್ಲಿ ಇನ್ನೂ ಮೂರು ಪ್ರಿಂಟ್ ಇತ್ತು, ಜುಮಾಕ್ಕೆ ಮೊದಲು ತಲುಪಿಸಬೇಕಾದದ್ದು. ಬಾಗಿಲಲ್ಲೇ ನಿಂತು ಒಂದು ಲೋಟ ಚಾ ಕುಡಿದು ಹೊರಟೆ.