ತಂಪು ಸೋರುವ ದಾರಿ

ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸದಲ್ಲಿರುವ ಓದುಗರೊಬ್ಬರ ಪ್ರಶ್ನೆ ಇದು: 'ಸೈಟಿನ ಪೋರ್ಟಾ ಕ್ಯಾಬಿನ್‌ಗೆ ಎರಡು ಟನ್ನಿನ ಡಕ್ಟ್ ಎಸಿ ಹಾಕಿಸಿದ್ದೇವೆ. ಮೊದಲ ಕೋಣೆಯಲ್ಲಿ ಚಳಿ, ಕೊನೆಯ ಕೋಣೆಯಲ್ಲಿ ಬೆವರು. ಮೂರು ಟನ್ನಿನದು ಹಾಕಿಸಿ ಅನ್ನುತ್ತಾರೆ ಅಂಗಡಿಯವರು. ಹಾಕಿಸೋಣವೇ?'

ಬೇಡ. ಮೊದಲು ಫಿಲ್ಟರ್ ತೊಳೆಸಿ, ಆಮೇಲೆ ಡಕ್ಟ್ ಬಿಚ್ಚಿಸಿ ನೋಡಿ. ಟನ್ ಎನ್ನುವುದು ಯಂತ್ರ ಎಷ್ಟು ಶಾಖ ಹೊರಹಾಕಬಲ್ಲದು ಎಂಬ ಲೆಕ್ಕ ಮಾತ್ರ. ಒಂದು ಟನ್ ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್. ಆ ತಂಪು ಕೊನೆಯ ಕೋಣೆಗೆ ಮುಟ್ಟುತ್ತದೆಯೋ ಇಲ್ಲವೋ ಎಂಬುದನ್ನು ಟನ್ ಹೇಳುವುದಿಲ್ಲ. ಪ್ರತಿ ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಹರಿಯಬೇಕು ಎಂಬುದು ಈ ಕಸುಬಿನ ರೂಢಿಯ ಲೆಕ್ಕ.

ಪ್ರಶ್ನೆ ಕೇಳಿದವರ ಊರಿನಲ್ಲೇ ಇದಕ್ಕೊಂದು ಒಳ್ಳೆಯ ಪಾಠವಿದೆ. ಖಾಮ್ ನದಿಯ ದಡದ ಪನ್‌ಚಕ್ಕಿಯಲ್ಲಿ, ಕಿಲೋಮೀಟರ್‌ಗಟ್ಟಲೆ ದೂರದ ಬೆಟ್ಟದ ಬುಗ್ಗೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದು, ಎತ್ತರದಿಂದ ಧುಮುಕಿಸಿ ಬೀಸುವ ಕಲ್ಲನ್ನು ತಿರುಗಿಸುತ್ತಿದ್ದರು. ಈ ಊರಿಗೆ ನೆಲದಡಿಯ ಕಾಲುವೆಗಳಲ್ಲಿ ನೀರು ತರುವ ಕೆಲಸವನ್ನು ಅದಕ್ಕೂ ಮುಂಚೆ, 17ನೇ ಶತಮಾನದ ಆರಂಭದಲ್ಲಿ, ಮಲಿಕ್ ಅಂಬರ್ ಶುರುಮಾಡಿದ್ದ. ಪನ್‌ಚಕ್ಕಿಯ ಕೊಳದ ತಳವೇ ಕೆಳಗಿನ ವಿಶಾಲ ಹಜಾರಕ್ಕೆ ಚಾವಣಿ. ದಪ್ಪ ಕಂಬಗಳು ಅದನ್ನು ಹೊತ್ತಿವೆ, ತಲೆಯ ಮೇಲೆ ನೀರಿರುವುದರಿಂದ ಬೇಸಿಗೆಯಲ್ಲೂ ಒಳಗೆ ತಂಪು. ಬೆಟ್ಟದಲ್ಲಿ ಎಷ್ಟೇ ನೀರಿರಲಿ, ದಾರಿಯ ಕೊಳವೆಗಳ ಸಂದು ಬಿಟ್ಟರೆ ಕಲ್ಲು ತಿರುಗದು. ಸಂದು ಮುಚ್ಚದೆ ಮೇಲಿನಿಂದ ಇನ್ನಷ್ಟು ಒತ್ತಡ ಹಾಕಿದರೆ ಸೋರಿಕೆಯೇ ಹೆಚ್ಚುತ್ತದೆ. ಮೂರು ಟನ್ನಿನ ಯಂತ್ರದ ದೊಡ್ಡ ಬ್ಲೋವರ್ ಮಾಡುವುದೂ ಅದನ್ನೇ.

ಆದರೆ ಗಾಳಿಯ ಸೋರಿಕೆ ನೀರಿನದಕ್ಕಿಂತ ಕೆಟ್ಟದ್ದು. ನೀರು ಸೋರಿದರೆ ಸೋರಿದಷ್ಟೇ ನಷ್ಟ. ಡಕ್ಟಿನಿಂದ ತಣ್ಣನೆ ಗಾಳಿ ಫಾಲ್ಸ್ ಸೀಲಿಂಗ್ ಮತ್ತು ಕಾದ ತಗಡಿನ ನಡುವಿನ ಜಾಗಕ್ಕೆ ಸೋರಿ ಹೊರಟುಹೋದರೆ, ಯಂತ್ರ ಕೋಣೆಗಳಿಂದ ಎಳೆದುಕೊಳ್ಳುವ ಗಾಳಿ ಹೆಚ್ಚು, ಕೋಣೆಗಳಿಗೆ ತಲುಪುವ ಗಾಳಿ ಕಡಿಮೆ. ಒಳಗೆ ಒತ್ತಡ ಇಳಿಯುತ್ತದೆ. ಆ ಕೊರತೆಯನ್ನು ಕಿಟಕಿ, ಬಾಗಿಲಿನ ಸಂದಿಗಳಿಂದ ನುಗ್ಗುವ ಹೊರಗಿನ ಬಿಸಿಗಾಳಿ ತುಂಬುತ್ತದೆ.

ಲೆಕ್ಕ ಹಾಕೋಣ. ಎರಡು ಟನ್ ಅಂದರೆ ಏಳು ಕಿಲೋವ್ಯಾಟ್, 800 ಘನ ಅಡಿ ಗಾಳಿ. ಅದರಲ್ಲಿ ಶೇ 20 ಸೋರುತ್ತಿದೆ ಎನ್ನಿ. 14 ಡಿಗ್ರಿಯ 160 ಘನ ಅಡಿ ಹೋಯಿತು, ಅದರ ಜಾಗಕ್ಕೆ ಮೇ ತಿಂಗಳ 40 ಡಿಗ್ರಿಯ 160 ಘನ ಅಡಿ ಬಂತು. ವ್ಯತ್ಯಾಸ 26 ಡಿಗ್ರಿ. ಈ ಗಾಳಿಯನ್ನು ಮತ್ತೆ ತಣಿಸುವುದಕ್ಕೇ ಎರಡು ಕಿಲೋವ್ಯಾಟ್‌ಗೂ ಹೆಚ್ಚು ಬೇಕು. ಸೋರಿದ್ದು ಐದರಲ್ಲಿ ಒಂದು ಪಾಲು, ಕಳೆದುಕೊಂಡದ್ದು ಹೆಚ್ಚುಕಡಿಮೆ ಮೂರರಲ್ಲಿ ಒಂದು!

ಇದನ್ನು ಪತ್ತೆಹಚ್ಚಲು ಊದುಬತ್ತಿ ಸಾಕು. ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಬ್ಲೋವರ್ ಹಾಕಿ, ಕಿಟಕಿಯ ಸಂದಿನ ಬಳಿ ಊದುಬತ್ತಿ ಹಿಡಿಯಿರಿ. ಬ್ಲೋವರ್ ನಿಂತಿದ್ದಾಗ ನೆಟ್ಟಗೆ ಏಳುತ್ತಿದ್ದ ಹೊಗೆ ಈಗ ಒಳಕ್ಕೆ ಬಾಗಿದರೆ ತಂಪು ತರುವ ಡಕ್ಟ್ ಸೋರುತ್ತಿದೆ ಎಂದು ಅನುಮಾನಿಸಿ. ಸಂದಿನ ಕಡೆಗೆ ಎಳೆದುಕೊಂಡು ಹೊರಟರೆ ಗಾಳಿ ವಾಪಸು ಒಯ್ಯುವ ಡಕ್ಟಿನಲ್ಲಿ ತೂತು. ಅದು ಚಾವಣಿಯ ಕಾದ ಗಾಳಿಯನ್ನು ಹೀರಿ ಯಂತ್ರಕ್ಕೆ ಉಣಿಸುತ್ತಿರುತ್ತದೆ. ಹೊರಗೆ ಜೋರು ಗಾಳಿ ಬೀಸುವ ಹೊತ್ತಿನಲ್ಲಿ ಮಾತ್ರ ಈ ಪರೀಕ್ಷೆಯನ್ನು ನಂಬಬೇಡಿ.

ಇನ್ನು ಸಂದು ಮುಚ್ಚುವ ವಿಷಯ. ಮೆಕ್ಯಾನಿಕ್ ಮೊದಲು ಕೈಹಾಕುವುದು ಬಟ್ಟೆಯ ಬೆನ್ನಿನ ಟೇಪಿಗೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್ ಮತ್ತು ಇಯನ್ ವಾಕರ್ 1998ರ ಸುಮಾರಿಗೆ ನಾನಾ ಬಗೆಯ ಟೇಪು, ಅಂಟುಗಳನ್ನು ಡಕ್ಟಿನ ಸಂದುಗಳಿಗೆ ಹಚ್ಚಿ, ಬಿಸಿ ಮತ್ತು ತಂಪಿಗೆ ಮತ್ತೆ ಮತ್ತೆ ಒಡ್ಡಿ ನೋಡಿದರು. ಸೋತದ್ದು 'ಡಕ್ಟ್ ಟೇಪ್' ಎಂದೇ ಹೆಸರಾದ ಆ ಬಟ್ಟೆ ಟೇಪು. ಅದರ ರಬ್ಬರ್ ಅಂಟು ಬಿಸಿಗೆ ಒಣಗಿ ಬಿಟ್ಟುಕೊಳ್ಳುತ್ತದೆ. ಮಾಸ್ಟಿಕ್ ಲೇಪ ಬಾಳಿತು. ಆದ್ದರಿಂದ ಸಂದಿಗೆ ಬ್ರಷ್‌ನಿಂದ ಮಾಸ್ಟಿಕ್ ಬಳಿಸಿ, ಅಗಲ ಸಂದಾದರೆ ಫೈಬರ್ ಜಾಲರಿ ಇಟ್ಟು ಅದರ ಮೇಲೆ ಬಳಿಸಿ. ಒಳ್ಳೆಯ ಅಲ್ಯೂಮಿನಿಯಂ ಫಾಯಿಲ್ ಟೇಪೂ ನಡೆಯುತ್ತದೆ, ಧೂಳು ಚೆನ್ನಾಗಿ ಒರೆಸಿ ಅಂಟಿಸಿದರೆ.

ಅದೇ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಮಾರ್ಕ್ ಮೊಡೇರಾ ಮತ್ತು ಸಂಗಡಿಗರು ಕಂಡುಕೊಂಡ ಉಪಾಯ ನನಗೆ ಇನ್ನೂ ಇಷ್ಟ. ಡಕ್ಟಿನ ಬಾಯಿಗಳನ್ನೆಲ್ಲ ಮುಚ್ಚಿ, ಅಂಟಿನ ಅತಿ ಸಣ್ಣ ಕಣಗಳನ್ನು ಬೆರೆಸಿದ ಗಾಳಿಯನ್ನು ಒಳಗೆ ಒತ್ತುತ್ತಾರೆ. ಆ ಗಾಳಿಗೆ ಇರುವುದು ತೂತುಗಳ ದಾರಿ ಮಾತ್ರ. ಅಲ್ಲಿ ಗಾಳಿ ಥಟ್ಟನೆ ತಿರುಗುವಾಗ ಅದಕ್ಕಿಂತ ಭಾರದ ಕಣ ತಿರುಗಲಾರದೆ ತೂತಿನ ಅಂಚಿಗೆ ಬಡಿದು ಅಂಟಿಕೊಳ್ಳುತ್ತದೆ. ಕಣದ ಮೇಲೆ ಕಣ ಕೂತು ತೂತು ಮುಚ್ಚುತ್ತದೆ. ತೂತು ಎಲ್ಲಿದೆ ಎಂದು ಯಾರೂ ಹುಡುಕಬೇಕಿಲ್ಲ! ಕ್ಯಾಬಿನ್ನಿನ ಹತ್ತು ಅಡಿ ಡಕ್ಟಿಗೆ ಇದು ದುಬಾರಿ, ಮಾಸ್ಟಿಕ್ಕೇ ಸಾಕು.

ಇಷ್ಟಾದರೂ ಕೊನೆಯ ಕೋಣೆ ಬಿಸಿಯಾಗಿಯೇ ಇದ್ದರೆ, ಅಲ್ಲಿಗೆ ಹೋಗುವ ಮೆತ್ತನೆ ಕೊಳವೆ ಎಲ್ಲಾದರೂ ಮಡಚಿಕೊಂಡಿದೆಯೇ ನೋಡಿ. ಅದೂ ಇಲ್ಲವಾದರೆ ಕೋಣೆಯ ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಕಾಯಿರಿ. ಆಗ ತಂಪಾದರೆ ತಪ್ಪು ಡಕ್ಟಿನದಲ್ಲ: ಬಂದ ಗಾಳಿಗೆ ವಾಪಸು ಹೋಗಲು ದಾರಿಯಿಲ್ಲ. ಬಡಗಿಯನ್ನು ಕರೆದು ಬಾಗಿಲಿನ ಕೆಳಭಾಗದಲ್ಲಿ ಒಂದು ಗ್ರಿಲ್ ಕೂರಿಸಿ.